ಕಾಸರಗೋಡಿನ ಮಣ್ಣಿನಲ್ಲಿ ವರ್ಷವಿಡೀ ಮನೆಯ ತರಕಾರಿ: ಮೇ ತಿಂಗಳಲ್ಲಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ, ಮುಳ್ಳೇರಿಯ ಸಮೀಪದಿಂದ:

ಬೆಂಗಳೂರಿನ ಕೆಲಸ ಬಿಟ್ಟು ಊರಿನ ಮನೆಗೆ ಬಂದಿದ್ದೇವೆ. ಹಿತ್ತಿಲಲ್ಲಿ ಹತ್ತು ಸೆಂಟ್ಸಿನಷ್ಟು ಖಾಲಿ ಜಾಗವಿದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ಕೆಳಗೆ ಅಡಿಕೆ ತೋಟ, ಅಂಚಿನಲ್ಲಿ ಮೂರು ಹಲಸಿನ ಮರ. ಬಾವಿಯ ನೀರು ಏಪ್ರಿಲ್‌ನಲ್ಲಿ ತಳ ಕಾಣುತ್ತದೆ. ಪೇಟೆಯ ತರಕಾರಿ ಬಿಟ್ಟು ವರ್ಷವಿಡೀ ವಿಷ ಹಾಕದ, ಮನೆಯಲ್ಲೇ ಬೆಳೆದದ್ದನ್ನು ಉಣ್ಣಬೇಕೆಂಬ ಆಸೆ. ಟೊಮೆಟೊ, ಕ್ಯಾಬೇಜು, ಕ್ಯಾರೆಟ್ ಬೀಜ ತರಿಸಿದ್ದೇನೆ. ಅತ್ತೆಯವರಿಗೆ ಎಲ್ಲವೂ ಗೊತ್ತು, ಆದರೆ ಮಂಡಿನೋವಿನಿಂದ ಅಂಗಳಕ್ಕಿಳಿಯಲಾರರು. ಈಗ ಮೇ ಮೊದಲ ವಾರ. ಅನುಭವ ಇರುವವರು ತಿಳಿಸಿ.

ನೀರ್ಚಾಲಿನಿಂದ:

ಅಕ್ಕಾ, ಕ್ಯಾರೆಟ್ಟಿನ ಬೀಜವನ್ನು ಘಟ್ಟದ ಮೇಲಿನ ಯಾರಿಗಾದರೂ ಕೊಟ್ಟುಬಿಡಿ. ಕ್ಯಾಬೇಜು ಬೇಕೇ ಬೇಕೆಂದರೆ ನವೆಂಬರ್ ತನಕ ತಡೆಯಿರಿ. ಟೊಮೆಟೊ ನಮ್ಮ ಹುಳಿಮಣ್ಣಿನಲ್ಲಿ ಎಲೆ ಹಸುರಾಗಿರುವಾಗಲೇ ಒಂದು ದಿನ ಜೋತು ಬೀಳುತ್ತದೆ. ನೀರು ಸಾಲಲಿಲ್ಲವೆಂದು ಇನ್ನಷ್ಟು ಹೊಯ್ಯುವವರೇ ಹೆಚ್ಚು. ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ತಳಿಗಳು ಅದನ್ನು ತಾಳಿಕೊಳ್ಳುತ್ತವೆ. ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿ, ಓಣಂ ತರಕಾರಿಗೆಂದು ಅಲ್ಲಿ ಬೀಜ, ಸಸಿ ಕೊಡುವುದೂ ಉಂಟು.

ನಮ್ಮಲ್ಲಿ ತರಕಾರಿಗೆ ಎರಡು ಕಾಲ. ಮಳೆಗಾಲದ್ದನ್ನು ಪತ್ತನಾಜೆಯ ಆಸುಪಾಸಿನಲ್ಲಿ, ಮೇ 24ರ ಹೊತ್ತಿಗೆ, ಒಂದೆರಡು ಮಳೆ ಬಿದ್ದು ನೆಲದ ಕಾವು ಇಳಿದ ಮೇಲೆ ಹಾಕುವುದು: ಬೆಂಡೆ, ಅಲಸಂಡೆ, ಮುಳ್ಳುಸೌತೆ, ಹೀರೆ, ಪಡವಲ, ಹಾಗಲ. ಜಡಿಮಳೆ ಹಿಡಿಯುವುದರೊಳಗೆ ಗಿಡಕ್ಕೆ ನಾಲ್ಕೆಲೆ ಬಂದಿರಬೇಕು, ಇಲ್ಲವಾದರೆ ಮೊಳಕೆ ಕೊಳೆಯುತ್ತದೆ. ಇನ್ನೊಂದು ಬೇಸಗೆಯ ನೆಟ್ಟಿಕಾಯಿ, ಡಿಸೆಂಬರ್–ಜನವರಿಯಲ್ಲಿ ಹಾಕಿ ವಿಷುವಿನ ತನಕ ಕೊಯ್ಯುವುದು: ಸಾಂಬಾರು ಸೌತೆ, ಕುಂಬಳ, ಚೀನಿಕಾಯಿ, ಹರಿವೆ. ಮಳೆಗಾಲದ ಗಿಡಕ್ಕೆ ಮಣ್ಣು ಏರಿಸಿ ಸಾಲು ಮಾಡಬೇಕು, ಬೇಸಗೆಯದ್ದಕ್ಕೆ ಗುಂಡಿ ತೋಡಬೇಕು. ಗುಂಡಿಯ ತಳಕ್ಕೆ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗಿ ಹಾಸಿದರೆ ಹೊಯ್ದ ನೀರು ಅಲ್ಲೇ ನಿಲ್ಲುತ್ತದೆ. ಮಾರ್ಚ್ ಕಳೆದ ಮೇಲೆ ಹೊಸದಾಗಿ ಏನನ್ನೂ ಬಿತ್ತಬೇಡಿ, ನಿಮ್ಮ ಬಾವಿಗೆ ಅದು ಹೊರೆ. ಪಾತ್ರೆ ತೊಳೆದ ನೀರು ಬಸಳೆಗೂ ಕೆಸುವಿಗೂ ಸಾಕು.

ಈ ವಾರವೇ ಸೆಂಟ್ಸಿಗೆ ಎರಡು–ಮೂರು ಕಿಲೋದಂತೆ ಸುಣ್ಣ ಎರಚಿ ಮಣ್ಣಿಗೆ ಸೇರಿಸಿಡಿ. ಹಟ್ಟಿಗೊಬ್ಬರವನ್ನು ಅದರ ಜತೆಗೇ ಹಾಕಬೇಡಿ, ಹತ್ತು ಹದಿನೈದು ದಿನ ಬಿಟ್ಟು ಹಾಕಿ.

ಬಾಯಾರಿನಿಂದ:

ಮೇಲಿನವರು ಸುಡುಮಣ್ಣಿನ ವಿಷಯ ಬಿಟ್ಟರು. ತರಗೆಲೆ, ಕಸಕಡ್ಡಿಯ ಮೇಲೆ ಮೇಲ್ಮಣ್ಣು, ಮತ್ತೆ ತರಗೆಲೆ, ಮತ್ತೆ ಮಣ್ಣು ಹೀಗೆ ಪದರ ಹಾಕಿ ಬೆಂಕಿ ಕೊಟ್ಟರೆ ಉರಿಯದೆ ಒಳಗೊಳಗೇ ಹೊಗೆಯಾಡುತ್ತದೆ. ಕಳೆಬೀಜ ಸಾಯುತ್ತದೆ, ಜಿಗುಟು ಮಣ್ಣು ಹುಡಿಯಾಗುತ್ತದೆ, ಬೂದಿಯ ಪೊಟ್ಯಾಷ್ ಸೇರುತ್ತದೆ. ಮೇ ಮೊದಲ ವಾರ ಅದಕ್ಕೆ ಕೊನೆಯ ಅವಕಾಶ. ಮಳೆ ಬಂತೆಂದರೆ ಮುಂದಿನ ವರ್ಷವೇ.

ಪೈವಳಿಕೆಯಿಂದ:

ಬಾಯಾರಿನ ಅಣ್ಣ ಬೇಸರಿಸಬಾರದು. ಸುಡುಮಣ್ಣಿನಲ್ಲಿ ಮೊದಲ ಬೆಳೆ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಮುರಕಲ್ಲಿನ ಜಾಗದಲ್ಲಿ ಮೇಲ್ಮಣ್ಣು ಇರುವುದೇ ಒಂದು ಗೇಣು. ಅದರಲ್ಲಿರುವ ಅಷ್ಟಿಷ್ಟು ಕೊಳೆತ ಸೊಪ್ಪಿನ ಸಾರವನ್ನೂ ಸುಟ್ಟರೆ ಉಳಿಯುವುದೇನು? ಅದೇ ತರಗೆಲೆಯನ್ನು ಸೆಗಣಿ ನೀರು ಚಿಮುಕಿಸಿ ಏರಿಯ ಮೇಲೆ ಹೊದಿಸಿ. ಮಳೆಯ ಹೊಡೆತಕ್ಕೆ ಮಣ್ಣು ತೊಳೆದುಹೋಗುವುದೂ ತಪ್ಪುತ್ತದೆ. ಸುಡಲೇಬೇಕೆಂದಿದ್ದರೆ ಬೀಜ ಊರುವ ಕುಳಿಗೆ ಬೇಕಾದಷ್ಟು ಮಾತ್ರ ಸುಡಿ.

ಎಡನಾಡಿನಿಂದ:

ಎಲ್ಲರೂ ನೆಲ ನೋಡುತ್ತಿದ್ದೀರಿ, ಮರದ ಕಡೆ ಯಾರೂ ಕತ್ತೆತ್ತಲಿಲ್ಲ. ಮಗಳೇ, ನೀನು ಪತ್ತನಾಜೆಗೆ ಹಾಕಿದ ಬೆಂಡೆ ಕೈಗೆ ಬರಲು ಜುಲೈ ಆಗಬೇಕು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬಿಡುವಿಲ್ಲದೆ ಮಳೆ ಹೊಯ್ಯುವಾಗ ಬಳ್ಳಿಯ ಹೂವೆಲ್ಲ ಉದುರುತ್ತದೆ. ಆ ತಿಂಗಳಿನ ಪದಾರ್ಥ ಈಗಲೇ ನಿನ್ನ ಮೂರು ಮರಗಳಲ್ಲಿ ನೇತಾಡುತ್ತಿದೆ. ಬಿಸಿಲಿರುವ ಈ ಎರಡು ಮೂರು ವಾರ ಮೊದಲು ಅದನ್ನು ನೋಡು, ಗುದ್ದಲಿ ಆಮೇಲೆ ಹಿಡಿ.

ಹಪ್ಪಳಕ್ಕೆ ಗಟ್ಟಿ ಸೊಳೆಯ ಬಕ್ಕೆ ಹಲಸು ಒಳ್ಳೆಯದು. ಮುಳ್ಳು ಅಗಲವಾಗಿ ಮೊನೆ ಮೊಂಡಾಗಿರಬೇಕು, ಒಳಗೆ ಸೊಳೆ ಬಿಳಿ ಹೋಗಿ ತುಸು ಹಳದಿಗೆ ತಿರುಗಿರಬೇಕು, ಮುರಿದರೆ ಟಕ್ಕೆನ್ನಬೇಕು. ಸಿಹಿ ಸೇರಿತೋ, ಹಪ್ಪಳ ಎಣ್ಣೆಗೆ ಬಿದ್ದೊಡನೆ ಕಪ್ಪಾಗುತ್ತದೆ. ನಿನ್ನತ್ತೆಯನ್ನು ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ ಪ್ರತಿ ಕಾಯಿಯ ಒಂದು ಸೊಳೆ ಅವರ ಕೈಗೆ ಕೊಡು. ಈ ಹದ ಬರೆದು ತಿಳಿಸುವಂಥದ್ದಲ್ಲ. ಸೊಳೆಯನ್ನು ಹಬೆಯಲ್ಲಿ ಬೇಯಿಸು, ನೀರು ತಾಗಬಾರದು. ತಾಗಿದರೆ ಹಿಟ್ಟು ಸಡಿಲವಾಗಿ ಮಣೆಗೆ ಹಿಡಿಯುತ್ತದೆ. ಬಿಸಿ ಆರುವ ಮೊದಲೇ ಒಣಮೆಣಸು, ಕೊತ್ತಂಬರಿ, ಉಪ್ಪು ಸೇರಿಸಿ ಗುದ್ದು. ಉಂಡೆಯನ್ನು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತು, ಚಾಪೆಯಲ್ಲಿ ಹರಡು. ಅರ್ಧ ಒಣಗಿದಾಗ ಎಬ್ಬಿಸಿ ಮಗುಚಬೇಕು. ಪೂರ್ತಿ ಒಣಗುವ ತನಕ ಬಿಟ್ಟರೆ ಚಾಪೆಯ ನಾರೂ ಸೇರಿ ಬರುತ್ತದೆ.

ಬಿಸಿಲು ಕೈಕೊಟ್ಟರೆ ಉಪ್ಪುಸೊಳೆ ಹಾಕು, ಅದಕ್ಕೆ ಬಿಸಿಲು ಬೇಡ. ನಮ್ಮ ಮನೆಯ ಲೆಕ್ಕ ಹತ್ತು ಹಿಡಿ ಸೊಳೆಗೆ ಎರಡು ಹಿಡಿ ಕಲ್ಲುಪ್ಪು. ಭರಣಿಯಲ್ಲಿ ಒತ್ತಿ ತುಂಬಿ ಮೇಲೆ ಕಲ್ಲಿನ ಭಾರ ಇಡಬೇಕು. ಉಪ್ಪುನೀರು ಸೊಳೆಯನ್ನು ಮುಳುಗಿಸಿರಬೇಕು, ಒದ್ದೆ ಕೈ ಹಾಕಕೂಡದು. ಆಟಿಯಲ್ಲಿ ತೆಗೆದು, ಉಪ್ಪು ಬಿಡುವ ತನಕ ನೀರಿನಲ್ಲಿ ನೆನೆಸಿದರೆ ಪಲ್ಯ, ರೊಟ್ಟಿ, ಅಕ್ಕಿ-ತೆಂಗಿನಕಾಯಿ ಸೇರಿಸಿ ಕಡೆದರೆ ಉಂಡ್ಲಕಾಳು. ಹಲಸಿನ ಬೇಳೆಯನ್ನು (ಬೀಜವನ್ನು) ಎಸೆದೀಯೆ! ಉಪ್ಪು ಹಾಕಿ ಬೇಯಿಸಿ ಕಲ್ಲಿನಂತಾಗುವ ತನಕ ಒಣಗಿಸಿದರೆ ಸಾಂತಾಣಿ. ಮಳೆಗೆ ಶಾಲೆಗೆ ರಜೆ ಸಿಕ್ಕಿದ ಮಕ್ಕಳ ಬಾಯಿ ಮುಚ್ಚಿಸಲು ಅದಕ್ಕಿಂತ ಬೇರೆ ಬೇಡ.

ಮಳೆಗಾಲದ ಸೊಪ್ಪಂತೂ ಬಿತ್ತದೆ ಬರುತ್ತದೆ. ಮೊದಲ ಮಳೆಗೆ ತಗತೆ ಸೊಪ್ಪು, ಆಮೇಲೆ ಪತ್ರೊಡೆಗೆ ಕೆಸು. ಕೆಸುವಿಗೆ ಹುಳಿ ಕಡಿಮೆ ಮಾಡಿದರೆ ಗಂಟಲು ತುರಿಸುತ್ತದೆ. ಕಣಿಲೆಯನ್ನು (ಎಳೆ ಬಿದಿರಿನ ಮೊಳಕೆಯನ್ನು) ಹೆಚ್ಚಿ ದಿನವೂ ನೀರು ಬದಲಾಯಿಸುತ್ತ ಮೂರು ದಿನ ನೆನೆಸಿ, ಬೇಯಿಸಿದ ಮೇಲೆಯೇ ಉಣ್ಣಬೇಕು; ಹಸಿಯದರಲ್ಲಿ ವಿಷವಿದೆ.

ಪಡ್ರೆಯಿಂದ:

ವಿಷವಿಲ್ಲದ ತರಕಾರಿ ಎಂದರೆ ನಮ್ಮ ಕಡೆ ಯಾರೂ ಅದನ್ನು ಶೋಕಿ ಎನ್ನುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ. ಅದರ ನೋವು ಇರುವ ಮನೆಗಳು ಇಲ್ಲಿ ಇಂದಿಗೂ ಇವೆ.

ನಿಮ್ಮ ಜಾಗದ ಕೆಳಗೇ ಅಡಿಕೆ ತೋಟ ಇರುವುದರಿಂದ ಒಂದು ಮಾತು. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಬೋರ್ಡೋ ದ್ರಾವಣದ ತುಂತುರು ಗಾಳಿಗೆ ಹಾರಿ ಹರಿವೆ, ಬಸಳೆಯ ಮೇಲೆ ಕೂರುತ್ತದೆ. ಅದು ಮೈಲುತುತ್ತು ಮತ್ತು ಸುಣ್ಣ. ಎಂಡೋಸಲ್ಫಾನಿನ ಜಾತಿಯದ್ದಲ್ಲ, ಹಾಗೆಂದು ಉಣ್ಣುವ ಸೊಪ್ಪಿನ ಮೇಲೆ ಯಾಕೆ ಬೇಕು? ಸೊಪ್ಪಿನ ಪಾತಿಯನ್ನು ಮನೆಯ ಹತ್ತಿರಕ್ಕೆ ಮಾಡಿ, ಮದ್ದಿನವರು ಬರುವ ಮುನ್ನಾದಿನವೇ ಕೊಯ್ದುಕೊಳ್ಳಿ.

ಕೀಟದಲ್ಲಿ ನಿಮ್ಮನ್ನು ಕಾಡುವುದು ಮುಖ್ಯವಾಗಿ ಹಣ್ಣುನೊಣ. ಹೀರೆ, ಹಾಗಲ, ಪಡವಲ ಬೆರಳುದ್ದ ಇರುವಾಗಲೇ ಕಾಗದ ಸುತ್ತಿ. ಹುಳು ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆದರೆ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ, ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಅಲಸಂಡೆಯ ಹೇನಿಗೆ ಒಂದು ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಬಾರ್ ಸೋಪು ಕರಗಿಸಿ ಎಲೆಯ ಅಡಿಗೆ ಬೀಳುವಂತೆ ಸಿಂಪಡಿಸಿ. ಸಂಜೆಯೇ ಮಾಡಿ. ಬೆಳಗ್ಗೆ ಮುಜಂಟಿಗಳು (ಕುಟುಕದ ಸಣ್ಣ ಜೇನುಗಳು) ಹೂವಿನಲ್ಲಿರುತ್ತವೆ.

ಪ್ರಶ್ನೆ ಕೇಳಿದವರು:

ಅಮ್ಮಾ, ನಾಳೆಯೇ ಹಲಸು ಇಳಿಸುತ್ತೇವೆ. ಅತ್ತೆಯವರಿಗೆ ಓದಿ ಹೇಳಿದೆ, ಕುರ್ಚಿ ಈಗಾಗಲೇ ಜಗಲಿಗೆ ಬಂದಿದೆ. ಮಂಗಗಳಿಗೆ ಏನು ಮಾಡುತ್ತೀರಿ?

ಬಾಯಾರಿನಿಂದ:

ಮಂಗನಿಗೆ ಮದ್ದಿಲ್ಲ. ನಾಯಿ ಇದ್ದರೆ ಅರ್ಧ ಉಳಿಯುತ್ತದೆ. ಹಾಗಲ, ಕೆಸು, ಜೀರಿಗೆಮೆಣಸನ್ನು ಅಷ್ಟಾಗಿ ಮುಟ್ಟುವುದಿಲ್ಲ, ಅವನ್ನು ಅಂಚಿನಲ್ಲಿ ಹಾಕಿ. ನವಿಲಿಗೆ ಮಾತ್ರ ಉಪಾಯವಿದೆ: ಮೊಳಕೆಯ ಮೇಲೆ ತೆಂಗಿನ ಗರಿ ಅಡ್ಡ ಇಡಿ.

ನೀರ್ಚಾಲಿನಿಂದ:

ಸಾಂಬಾರು ಸೌತೆಯ ಬಗ್ಗೆ ಹೇಳಲು ಉಳಿದಿತ್ತು. ನಮ್ಮಲ್ಲಿ ಈ ಸಲದ್ದು ಕೊಯ್ದಾಗಿದೆ, ಕುಂಬಳೆ ಪೇಟೆಗೆ ಬಂದರೆ ಹತ್ತಿಪ್ಪತ್ತು ಕೊಡುತ್ತೇನೆ. ಪೆಟ್ಟು ಬೀಳದ, ತೊಟ್ಟಿರುವ ಕಾಯಿಯನ್ನೇ ಆರಿಸಿ. ಬಾಳೆನಾರನ್ನು ಅಡ್ಡಕ್ಕೊಂದು ಉದ್ದಕ್ಕೊಂದು ಸುತ್ತಿ ಗಂಟು ಹಾಕಿ, ಅಡುಗೆಮನೆಯ ಹೊಗೆ ತಾಗುವಲ್ಲಿ ಜಂತಿಗೆ ತೂಗುಹಾಕಿ. ಒಂದಕ್ಕೊಂದು ತಾಗಬಾರದು, ಒಂದು ಕೊಳೆತರೆ ಸಾಲಿಗೇ ಹಬ್ಬುತ್ತದೆ. ಒಲೆಯಿಲ್ಲದ ಮನೆಯಾದರೆ ಗಾಳಿಯಾಡುವ ಅಟ್ಟವಾದರೂ ಸಾಕು. ಚೌತಿ ತನಕ ಹುಳಿಗೆ ಚಿಂತೆಯಿಲ್ಲ. ಅದರಲ್ಲಿ ಒಂದೆರಡನ್ನು ಬೀಜಕ್ಕೆಂದು ಕೊನೆಯವರೆಗೂ ಬಿಡಿ. ತಿರುಳಿನಿಂದ ಬೀಜ ಬಿಡಿಸಿ ತೊಳೆದು, ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸಿದರೆ ಡಿಸೆಂಬರಿನಲ್ಲಿ ಅಂಗಡಿಗೆ ಹೋಗಬೇಕಾಗಿಲ್ಲ.