ಕೆಲಸ ಬಿಟ್ಟು ಕಾಡಿನ ಫೋಟೊ ತೆಗೆಯಲು ಹೋಗಬಹುದಾ?

ಬೆಂಗಳೂರು ಹುಡುಗ:
ಐಟಿ ಕೆಲಸ, ವಯಸ್ಸು 29. ಇಎಂಐ ಮೇಲೆ 600 ಎಂಎಂ ಲೆನ್ಸ್ ತಗೊಂಡಿದ್ದೇನೆ. ಕಬಿನಿಗೆ ನಾಲ್ಕು ಸಲ ಹೋದೆ. ಹುಲಿ ಸಿಕ್ಕಿತು, ಲೈಕೂ ಬಂತು. ಈಗ ಕಾಡು ಉಳಿಸೋ ಫೋಟೊಗ್ರಾಫರ್ ಆಗಬೇಕು ಅನ್ನಿಸುತ್ತಿದೆ. ಹೊಟ್ಟೆ ತುಂಬುತ್ತಾ?

ಗುಂಡ್ಲುಪೇಟೆ ಸ್ಟುಡಿಯೋ:
ಇಲ್ಲ ಸರ್. ನನ್ನ ಹೊಟ್ಟೆ ತುಂಬಿಸುವುದು ಮದುವೆ ಆಲ್ಬಮ್. ಆಷಾಢ, ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ, ಆಗ ಕಾಡಂಚು ಸುತ್ತುತ್ತೇನೆ.

ಮೈಸೂರಿನ ಕೃಪಾಕರ–ಸೇನಾನಿ ಹುಲಿ ಬಿಟ್ಟು ಸೀಳುನಾಯಿ ಹಿಂದೆ ಬಿದ್ದವರು. ಒಂದು ಕಾಲಕ್ಕೆ ಸೀಳುನಾಯಿ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ವರ್ಷಗಟ್ಟಲೆ ಕೂತು ಮಾಡಿದ ಸಾಕ್ಷ್ಯಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎನ್ನುವ ವನ್ಯಜೀವಿ ಚಿತ್ರಗಳ ದೊಡ್ಡ ಪ್ರಶಸ್ತಿ ಬಂತು. ನಾಲ್ಕು ಟ್ರಿಪ್ಪಿನ ಮಾತಲ್ಲ, ಅಲ್ವಾ?

ನನ್ನ ತಪ್ಪೊಂದು ಹೇಳುತ್ತೇನೆ. ಹಳ್ಳದ ಪಕ್ಕದ ಮರದಲ್ಲಿ ಮೀನುಗೂಬೆ ಗೂಡು ಮಾಡಿತ್ತು. ಬುಡದಲ್ಲಿ ಏಡಿ ಚಿಪ್ಪು ಬಿದ್ದಿದ್ದು ನೋಡಿ ಪತ್ತೆ ಹಚ್ಚಿದ್ದೆ. ಖುಷಿಗೆ ಜಾಗದ ಹೆಸರು ಹಾಕಿ ಫೋಟೊ ಏರಿಸಿಬಿಟ್ಟೆ. ಮುಂದಿನ ಭಾನುವಾರ ಹನ್ನೊಂದು ಜನ. ಯಾರೋ ಅಡ್ಡ ಬಂದ ಕೊಂಬೆ ಮುರಿದಿದ್ದರು. ಆಮೇಲೆ ಬುಡದಲ್ಲಿ ಹೊಸ ಚಿಪ್ಪು ಬೀಳಲೇ ಇಲ್ಲ. ಆ ಫೋಟೊಗೆ ಸಿಕ್ಕಷ್ಟು ಲೈಕು ನನಗೆ ಇನ್ಯಾವುದಕ್ಕೂ ಸಿಕ್ಕಿಲ್ಲ.

ತರಕಾರಿ ಲಾರಿ:
ನಾನು ಕೇರಳಕ್ಕೆ ತರಕಾರಿ ಹೊಡೆಯುತ್ತಿದ್ದವನು. 2009ರಲ್ಲಿ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಆದಾಗ ಬಾಯಿಗೆ ಬಂದಂತೆ ಬೈದಿದ್ದೆ. ಆದರೆ ಅದಕ್ಕೆ ಮುಂಚೆ ಗಾಡಿ ತೊಳೆಯುವಾಗ ಬಂಪರಿನಲ್ಲಿ ಜಿಂಕೆ ರೋಮ ಸಿಗುತ್ತಿತ್ತು. ಅದರ ಫೋಟೊ ಯಾರೂ ತೆಗೆಯಲಿಲ್ಲ.

ಗುಂಡ್ಲುಪೇಟೆ ಸ್ಟುಡಿಯೋ:
ಅಣ್ಣ ಹೇಳಿದ್ದು ಸರಿ. ಸತ್ತ ಜಿಂಕೆ ಜೊತೆ ಕಿಲೋಮೀಟರ್ ಕಲ್ಲೂ ಫ್ರೇಮಿನಲ್ಲಿರಬೇಕು. ತಾರೀಕು, ಹೊತ್ತು ಬರೆದಿಡಬೇಕು. ಇಲ್ಲದಿದ್ದರೆ ಯಾವ ಆಫೀಸಿನಲ್ಲೂ ಅದಕ್ಕೆ ಬೆಲೆ ಇಲ್ಲ.

ಬೆಂಗಳೂರು ಹುಡುಗ:
ಹಾಗಾದರೆ ಲೆನ್ಸ್ ಮಾರಿಬಿಡಲಾ?

ಗುಂಡ್ಲುಪೇಟೆ ಸ್ಟುಡಿಯೋ:
ಛೇ, ಬೇಡ. ಕೆಲಸವನ್ನೂ ಬಿಡಬೇಡಿ, ಇಎಂಐ ಯಾರು ಕಟ್ಟುತ್ತಾರೆ? ಮನೆ ಹತ್ತಿರ ಕೆರೆ ಇದೆಯಾ?

ಬೆಂಗಳೂರು ಹುಡುಗ:
ಹೆಬ್ಬಾಳ ಕೆರೆ, ಬೈಕಿನಲ್ಲಿ ಹತ್ತು ನಿಮಿಷ.

ಗುಂಡ್ಲುಪೇಟೆ ಸ್ಟುಡಿಯೋ:
ಭಾನುವಾರ ಬೆಳಿಗ್ಗೆ ಆರಕ್ಕೆ ಹೋಗಿ. ಮೊದಲು ಕೆರೆಗೆ ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ, ಅದರ ಫೋಟೊ ತೆಗೆಯಿರಿ. ಹಕ್ಕಿ ಆಮೇಲೆ. ಒಂದು ವರ್ಷ ಅದೇ ಜಾಗದಲ್ಲಿ ನಿಂತು ತೆಗೆದದ್ದನ್ನು ಇಲ್ಲಿ ಹಾಕಿ.