ಎಲೆಕೋಸು ಬೇಯಿಸಿದರೆ ಮನೆ ತುಂಬ ವಾಸನೆ, ತರಕಾರಿ ಮುದ್ದೆ. ಏನು ಮಾಡಲಿ?

ಹೊಸ_ಅಡುಗೆ:
ನಮಸ್ಕಾರ. ಎಲೆಕೋಸು ಬೇಯಿಸಿದಾಗಲೆಲ್ಲ ಕೊಳೆತ ಮೊಟ್ಟೆಯ ಥರ ವಾಸನೆ ಬರುತ್ತಿದೆ. ತರಕಾರಿಯೂ ಕಂದು ಬಣ್ಣಕ್ಕೆ ತಿರುಗಿ ಮುದ್ದೆಯಾಗುತ್ತದೆ. ನಾನು ಮಾಡೋದು ಹೀಗೆ: ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರು ಮತ್ತು ಬೇಗ ಬೇಯಲಿ ಅಂತ ಚಿಟಿಕೆ ಅಡುಗೆ ಸೋಡಾ ಹಾಕಿ, ಮುಚ್ಚಿ ಅರ್ಧ ಗಂಟೆ ಕುದಿಸುತ್ತೇನೆ. ಆಮೇಲೆ ನೀರು ಬಸಿದು ಚೆಲ್ಲುತ್ತೇನೆ. ಇನ್ನೊಂದು ಅನುಮಾನ. ಎಲೆಕೋಸಿನಲ್ಲಿ ಬರೀ ನೀರು, ಸತ್ವ ಏನೂ ಇಲ್ಲ ಅಂತಾರಲ್ಲ, ನಿಜವಾ?

ಲ್ಯಾಬ್_ಕೋಟು:
ನೀರು ಜಾಸ್ತಿ ಅನ್ನೋದು ನಿಜ, ನೂರಕ್ಕೆ 92 ಪಾಲು ನೀರೇ. ಸತ್ವ ಇಲ್ಲ ಅನ್ನೋದು ಸುಳ್ಳು. 100 ಗ್ರಾಂ ಹಸಿ ಎಲೆಕೋಸಿನಲ್ಲಿ ಸುಮಾರು 25 ಕ್ಯಾಲೊರಿ, ಎರಡೂವರೆ ಗ್ರಾಂ ನಾರು, 36 ಮಿಲಿಗ್ರಾಂ ವಿಟಮಿನ್ ಸಿ, 76 ಮೈಕ್ರೋಗ್ರಾಂ ವಿಟಮಿನ್ ಕೆ, ಜೊತೆಗೆ ಒಂದಿಷ್ಟು ಫೋಲೇಟ್ (ಒಂದು ಬಗೆಯ ಬಿ ವಿಟಮಿನ್) ಇವೆ. ಪ್ರೋಟೀನ್ ಮಾತ್ರ ಒಂದು ಗ್ರಾಂ ಚಿಲ್ಲರೆ. ಅದಕ್ಕೆ ಬೇರೇನಾದರೂ ತಿನ್ನಿ.

ಈಗ ವಾಸನೆ. ಎಲೆಕೋಸಿನಲ್ಲಿ ಗ್ಲುಕೋಸಿನೊಲೇಟ್ ಅನ್ನೋ ಗಂಧಕದ ಸಂಯುಕ್ತಗಳಿವೆ. ಅವನ್ನು ಒಡೆಯುವ ಮೈರೋಸಿನೇಸ್ ಎಂಬ ಕಿಣ್ವವೂ ಅದೇ ಎಲೆಯಲ್ಲಿದೆ, ಆದರೆ ಬೇರೆ ಜಾಗದಲ್ಲಿ. ಚಾಕು ಬಿದ್ದು ಜೀವಕೋಶ ಒಡೆದಾಗ ಎರಡೂ ಸೇರುತ್ತವೆ. ಆಗ ಹುಟ್ಟುವುದೇ ಹಸಿ ಎಲೆಕೋಸಿನ ಘಾಟು. ಸಾಸಿವೆ ಅರೆದಾಗ ಮೂಗಿಗೆ ಹೊಡೆಯುವುದೂ ಇದೇ ಬಗೆಯ ವಸ್ತು. ಇಲ್ಲಿಯವರೆಗೆ ತೊಂದರೆ ಇಲ್ಲ. ಬಹಳ ಹೊತ್ತು ಕುದಿಸಿದರೆ ಈ ಗಂಧಕದ ವಸ್ತುಗಳು ಇನ್ನಷ್ಟು ಒಡೆದು ಹೈಡ್ರೋಜನ್ ಸಲ್ಫೈಡ್‌ನಂಥ ಅನಿಲ ಹೊರಬರುತ್ತದೆ. ನಿಮಗೆ ಬರುತ್ತಿರುವ ಕೊಳೆತ ಮೊಟ್ಟೆಯ ವಾಸನೆ ಅದೇ. ಬೇಯಿಸುವ ಹೊತ್ತು ಬೆಳೆದಂತೆ ಅದೂ ಬೆಳೆಯುತ್ತದೆ.

ವಿಟಮಿನ್ ಸಿ ಹೋಗುವುದೂ ಇದೇ ದಾರಿಯಲ್ಲಿ. ಅದು ನೀರಿಗೆ ಇಳಿಯುತ್ತದೆ, ಬಿಸಿಗೆ ಹಾಳಾಗುತ್ತದೆ. ನೀವು ಸಿಂಕಿಗೆ ಸುರಿಯುತ್ತಿರುವ ನೀರಿನಲ್ಲಿ ಅದರ ದೊಡ್ಡ ಪಾಲಿದೆ. ಸೋಡಾ ಅಂತೂ ಬೇಡವೇ ಬೇಡ. ಅದು ಜೀವಕೋಶದ ಗೋಡೆಯನ್ನು ಕರಗಿಸುತ್ತದೆ, ಮುದ್ದೆಯಾಗೋದು ಅದಕ್ಕೇ. ವಿಟಮಿನ್ ಸಿಯನ್ನೂ ಬೇಗ ಕೆಡಿಸುತ್ತದೆ.

ಕಬ್ಬಿಣದ_ಬಾಣಲೆ:
ಮೇಲಿನವರು ಕಾರಣ ಹೇಳಿದ್ದಾರೆ, ನಾನು ಕೆಲಸ ಹೇಳ್ತೀನಿ. ಅಗಲವಾದ ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ ಹಾಕಿ, ಎಲೆಕೋಸು ಹಾಕಿ, ಉರಿ ಜೋರು ಇಡಿ. ಮುಚ್ಚಳ ಬೇಡ. ನೀರು ಬೇಡ, ಅದರದ್ದೇ ಸಾಕಷ್ಟು ಇದೆ. ಬಾಣಲೆ ತುಂಬ ತುಂಬಿಸಬೇಡಿ. ತುಂಬಿದರೆ ನೀರು ಬಿಟ್ಟುಕೊಂಡು ಅದರಲ್ಲೇ ಬೇಯುತ್ತದೆ, ಮತ್ತೆ ಹಳೇ ಕಥೆ. ನಾಲ್ಕೈದು ನಿಮಿಷ ಕೈಯಾಡಿಸಿ. ಅಂಚು ಅಲ್ಲಲ್ಲಿ ಕಂದಾಗಿ, ಕಚ್ಚಿದರೆ ಕರುಂ ಅನ್ನುವಾಗ ಉಪ್ಪು ಹಾಕಿ ಇಳಿಸಿ. ಉಪ್ಪನ್ನು ಮೊದಲೇ ಹಾಕಿದರೆ ನೀರು ಒಸರುತ್ತದೆ.

ಓವನ್ ಇದ್ದರೆ ದಪ್ಪ ಹೋಳು ಮಾಡಿ, ಎಣ್ಣೆ ಸವರಿ, 220 ಡಿಗ್ರಿಯಲ್ಲಿ ಅಂಚು ಕಪ್ಪಾಗುವವರೆಗೆ ಸುಡಿ. ಎಷ್ಟು ಸಿಹಿ ಇರುತ್ತೆ ಅಂದ್ರೆ, ಎಲೆಕೋಸು ಬೇಡ ಅನ್ನೋರೂ ತಿಂತಾರೆ. ಸೂಪಿಗಾದರೆ ಕೊನೆಯ ಐದು ನಿಮಿಷ ಇರುವಾಗ ಹಾಕಿ. ಸೂಪಿನ ನೀರನ್ನು ಹೇಗೂ ಕುಡೀತೀರಿ, ಸತ್ವ ಪೋಲಾಗಲ್ಲ.

ನೇರಳೆ:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಕೆಂಪು ಎಲೆಕೋಸು ಬೇಯಿಸಿದರೆ ನೀಲಿಯಾಗುತ್ತದೆ. ತಿನ್ನಬಹುದಾ?

ಲ್ಯಾಬ್_ಕೋಟು:
ಧಾರಾಳವಾಗಿ. ಅದರ ಬಣ್ಣ ಆಂಥೋಸಯಾನಿನ್ ಅನ್ನೋ ಬಣ್ಣದ ವಸ್ತುವಿನದ್ದು. ಹುಳಿ ಸೇರಿದರೆ ಕೆಂಪು, ಕ್ಷಾರ ಸೇರಿದರೆ ನೀಲಿ, ಇನ್ನೂ ಜಾಸ್ತಿಯಾದರೆ ಹಸಿರು. ನಿಮ್ಮ ನೀರಿನಲ್ಲಿ ಕ್ಷಾರ ಜಾಸ್ತಿ ಇರಬಹುದು. ಬೇಯುವಾಗಲೇ ಒಂದು ಚಮಚ ನಿಂಬೆರಸ ಅಥವಾ ವಿನೆಗರ್ ಹಾಕಿ. ನೀಲಿಯಾದ ಮೇಲೆ ಹಾಕಿದರೂ ಕಣ್ಣೆದುರೇ ಕೆಂಪಾಗುತ್ತದೆ, ಮಕ್ಕಳಿಗೆ ತೋರಿಸಿ.

ಮೆತ್ತಗೆ_ಮಾತು:
ನನಗೆ ಎಲೆಕೋಸು ತಿಂದರೆ ಹೊಟ್ಟೆ ಉಬ್ಬರ. ಥೈರಾಯ್ಡ್ ಇರುವವರು ಮುಟ್ಟಲೇಬಾರದು ಅಂತಲೂ ಕೇಳಿದ್ದೇನೆ.

ಲ್ಯಾಬ್_ಕೋಟು:
ಉಬ್ಬರಕ್ಕೆ ಕಾರಣ ರಾಫಿನೋಸ್‌ನಂಥ ಸಕ್ಕರೆಗಳು. ಅವನ್ನು ಅರಗಿಸುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹಬ್ಬ ಮಾಡುತ್ತವೆ, ಗ್ಯಾಸ್ ಹುಟ್ಟುತ್ತದೆ. ಹಸಿಯದಕ್ಕಿಂತ ಬೇಯಿಸಿದ್ದು ಎಷ್ಟೋ ಜನರಿಗೆ ಒಗ್ಗುತ್ತದೆ. ಸ್ವಲ್ಪದಿಂದ ಶುರು ಮಾಡಿ.

ಥೈರಾಯ್ಡ್ ಭಯವನ್ನು ಸುಮ್ನೆ ದೊಡ್ಡದು ಮಾಡಿದ್ದಾರೆ ಅನ್ನೋದು ನನ್ನ ಅಭಿಪ್ರಾಯ. ಅಯೋಡಿನ್ ಕೊರತೆ ಇದ್ದು, ಹಸಿ ಎಲೆಕೋಸನ್ನು ವಿಪರೀತ ತಿಂದರೆ ತೊಂದರೆ ಆಗಬಹುದು. ಬೇಯಿಸಿದರೆ ಥೈರಾಯ್ಡ್‌ಗೆ ತೊಂದರೆ ಕೊಡುವ ಆ ಗುಣವೂ ತಗ್ಗುತ್ತದೆ. ನಿಜವಾಗಿ ಹುಷಾರಾಗಿರಬೇಕಾದವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು. ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಅವರು ಎಲೆಕೋಸು ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಸೊನ್ನೆ ಅಂತ ಮಾಡದೆ ಒಂದೇ ಅಳತೆಯಲ್ಲಿ ತಿನ್ನಬೇಕು. ವೈದ್ಯರಿಗೂ ಹೇಳಿರಬೇಕು.

ಹೊಸ_ಅಡುಗೆ:
ಜೋರು ಉರಿಯಲ್ಲಿ ಮಾಡಿ ನೋಡಿದೆ. ವಾಸನೆ ಇಲ್ಲವೇ ಇಲ್ಲ! ತುಂಬ ಥ್ಯಾಂಕ್ಸ್. ಆದರೆ ಹಸಿಯದನ್ನು ಮೊಸರು ಹಾಕಿ ಸಲಾಡ್ ಮಾಡಿದರೆ ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ನಿಲ್ಲುತ್ತದೆ.

ಕಬ್ಬಿಣದ_ಬಾಣಲೆ:
ಅಲ್ಲಿ ಉಲ್ಟಾ ಮಾಡಿ, ಉಪ್ಪು ಮೊದಲು. ಅರ್ಧ ಕಿಲೋಗೆ ಒಂದು ಟೀ ಚಮಚ ಉಪ್ಪು ಹಾಕಿ ಕೈಯಿಂದ ಕಲಸಿ, ಅರ್ಧ ಗಂಟೆ ಜರಡಿಯಲ್ಲಿ ಬಿಡಿ. ಮುಷ್ಟಿಯಲ್ಲಿ ಹಿಂಡಿದರೆ ನೀರು ಧಾರೆಯಾಗಿ ಇಳಿಯುತ್ತದೆ. ಆಮೇಲೆ ಮೊಸರು. ಮತ್ತೆ ಉಪ್ಪು ಹಾಕುವ ಮೊದಲು ರುಚಿ ನೋಡಿ.

ಇನ್ನೂ ಮಿಕ್ಕಿದರೆ ಹುಳಿ ಬರಿಸಿಡಿ. ಕಿಲೋಗೆ 20 ಗ್ರಾಂ ಉಪ್ಪು, ಚೆನ್ನಾಗಿ ಹಿಸುಕಿ, ಅದರದ್ದೇ ನೀರಿನಲ್ಲಿ ಪೂರ್ತಿ ಮುಳುಗಿರುವಂತೆ ಭಾರ ಇಟ್ಟು, 20 ಡಿಗ್ರಿ ಆಸುಪಾಸಿನ ಜಾಗದಲ್ಲಿ ಮೂರು ನಾಲ್ಕು ವಾರ. ಮೇಲೆ ತೇಲಿದ ಚೂರಿಗೆ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಮುಳುಗಿರಲೇಬೇಕು.

ಲ್ಯಾಬ್_ಕೋಟು:
ಹುಳಿ ಬರಿಸಿದ್ದರಲ್ಲಿ ವಿಟಮಿನ್ ಸಿ ಸಾಕಷ್ಟು ಉಳಿಯುತ್ತದೆ. 1768ರಲ್ಲಿ ಸಮುದ್ರಯಾನ ಹೊರಟ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್, ವಿಟಮಿನ್ ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿ ಬಾರದಿರಲಿ ಅಂತ ಹಡಗಿಗೆ ಇದನ್ನೇ ತುಂಬಿಸಿಕೊಂಡಿದ್ದ. ವಿಟಮಿನ್ ಅನ್ನೋ ಮಾತೇ ಇನ್ನೂ ಹುಟ್ಟಿರಲಿಲ್ಲ ಆಗ.

ಹೊಸ_ಅಡುಗೆ:
ಕೊನೇ ಪ್ರಶ್ನೆ. ಹೊರಗಿನ ದಪ್ಪ ಹಸಿರು ಎಲೆ, ನಡುವಿನ ದಂಟು ಬಿಸಾಡಬೇಕಾ? ಅರ್ಧ ಉಳಿದದ್ದನ್ನು ಹೇಗಿಡಲಿ?

ಕಬ್ಬಿಣದ_ಬಾಣಲೆ:
ಹುಳ ತಿಂದದ್ದು, ಬಾಡಿದ್ದು ಬಿಟ್ಟು ಉಳಿದ ಹಸಿರು ಎಲೆ ಚೆನ್ನಾಗಿ ತೊಳೆದು ಸೂಪಿಗೆ ಹಾಕಿ. ದಂಟನ್ನು ತೆಳ್ಳಗೆ ಸೀಳಿ ಬಾಣಲೆಗೆ ಎಲ್ಲಕ್ಕಿಂತ ಮೊದಲು ಹಾಕಿ, ಅದು ಬೇಯಲು ತಡ. ಉಳಿದರ್ಧವನ್ನು ತೊಳೆಯದೆ, ಕತ್ತರಿಸಿದ ಕಡೆಗೆ ಗಾಳಿ ತಾಗದಂತೆ ಬಿಗಿಯಾಗಿ ಸುತ್ತಿ ಫ್ರಿಜ್‌ನಲ್ಲಿಡಿ. ಮುಂದಿನ ಸಲ ತೆಗೆದಾಗ ಕತ್ತರಿಸಿದ ಅಂಚು ಕಪ್ಪಾಗಿದ್ದರೆ ಅಷ್ಟನ್ನು ಮಾತ್ರ ಹೆರೆದು ತೆಗೆಯಿರಿ.