ಔಷಧ ಲೇಪಿತ ಬಲೂನ್: ‘ಲೇಪಿತ’ಕ್ಕೆ ಬೇರೆ ಮಾತಿದೆಯಾ?

ಗೆಳೆಯರೇ,

ನಮ್ಮ ದೊಡ್ಡಪ್ಪ ಕೋಲಾರದ ಹತ್ತಿರ ಟೊಮೆಟೊ ಬೆಳೆಯುತ್ತಾರೆ. ಸಕ್ಕರೆ ಕಾಯಿಲೆ ಇದೆ. ಈಚೆಗೆ ತೋಟದಲ್ಲಿ ನಾಲ್ಕು ಸಾಲು ನಡೆದರೆ ಸಾಕು, ಮೀನಖಂಡ ಹಿಡಿದುಕೊಳ್ಳುತ್ತೆ. ನಿಂತರೆ ಬಿಡುತ್ತೆ. ತೊಡೆಯ ರಕ್ತನಾಳ ಕಟ್ಟಿಕೊಂಡಿದೆಯಂತೆ. ಆಸ್ಪತ್ರೆಯಲ್ಲಿ ಒಂದು ಅಧ್ಯಯನಕ್ಕೆ ಸೇರ್ತೀರಾ ಅಂತ ಕೇಳಿ, ಕನ್ನಡದ ಒಪ್ಪಿಗೆ ಪತ್ರ ಕೊಟ್ಟರು. ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಾಲೇ ‘ಔಷಧ ಲೇಪಿತ ಬಲೂನ್ ಮೂಲಕ ಧಮನಿ ಸಂಕುಚನದ ಚಿಕಿತ್ಸೆ’.

‘ಲೇಪ ಅಂದ್ರೆ ಮೇಲೆ ಹಚ್ಚೋದಲ್ವೇನಪ್ಪಾ? ಮತ್ತೆ ತೊಡೆಸಂದಿಗೆ ತೂತು ಯಾಕೆ?’ ಅಂದರು.

ಸರಿಯಾದ ಪ್ರಶ್ನೆ. ಅವರಿಗೆ ಲೇಪ ಅಂದರೆ ಉಳುಕಿಗೆ ಹಾಕುವ ಪಟ್ಟು. ಇಲ್ಲಿ ಆಗುವುದೇ ಬೇರೆ. ಮಡಚಿದ ಬಲೂನನ್ನು ನಾಳದೊಳಗೆ ತೂರಿಸಿ, ಕಟ್ಟಿಕೊಂಡ ಜಾಗದಲ್ಲಿ ಉಬ್ಬಿಸುತ್ತಾರೆ. ಅದರ ಮೈಮೇಲಿನ ಔಷಧಿ ನಾಳದ ಗೋಡೆಗೆ ಹತ್ತಿಕೊಳ್ಳುತ್ತೆ. ಆಮೇಲೆ ಬಲೂನ್ ಆಚೆಗೆ. ನಾಳ ತೆರೆದಿಡಲು ಒಳಗೆ ಕೂರಿಸುವ ಜಾಲರಿ ಕೊಳವೆ, ಸ್ಟೆಂಟಿನ ಹಾಗೆ ಒಳಗೇ ಉಳಿಯುವುದಿಲ್ಲ. ಔಷಧಿ ಹೆಚ್ಚಾಗಿ ಪ್ಯಾಕ್ಲಿಟ್ಯಾಕ್ಸೆಲ್, ಕ್ಯಾನ್ಸರಿಗೂ ಕೊಡುವಂಥದ್ದು. ಜೀವಕೋಶ ಬೆಳೆದು ನಾಳ ಮತ್ತೆ ಕಟ್ಟಿಕೊಳ್ಳುವುದನ್ನು ತಡೆಯುತ್ತೆ.

ನನ್ನ ತಕರಾರು ಇಷ್ಟೇ. ‘ಲೇಪಿತ’ ಅನ್ನೋದು ಔಷಧಿ ಮೊದಲು ಎಲ್ಲಿತ್ತು ಅಂತ ಹೇಳುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಹೇಳಲ್ಲ. ಹಿತ್ತಾಳೆ ಪಾತ್ರೆಯ ಕಲಾಯಿ ಬಿಟ್ಟರೆ ಪಾತ್ರೆ ಕೆಟ್ಟಿತು. ಇಲ್ಲಿ ಬಿಡಬೇಕು, ಬಿಟ್ಟರೇ ಕೆಲಸ ಆದಂತೆ. ರಬ್ಬರ್ ಸ್ಟಾಂಪಿನ ಶಾಯಿ ಥರ.

ಬೇರೆ ಮಾತು ಹುಡುಕಿದೆ. ‘ಬಳಿದ’ ಅಂದರೆ ಗೋಡೆ, ಸುಣ್ಣ. ‘ಮೆತ್ತಿದ’ ತೀರಾ ದಪ್ಪ. ಇಲ್ಲಿರುವುದು ಚದರ ಮಿಲಿಮೀಟರಿಗೆ ಸುಮಾರು 3 ಮೈಕ್ರೋಗ್ರಾಂ. ವೀಳ್ಯದೆಲೆಗೆ ಸುಣ್ಣ, ಕಾವಲಿಗೆ ಎಣ್ಣೆ ಸವರುತ್ತೇವಲ್ಲ, ಆ ‘ಸವರಿದ’ ನನಗೆ ಹಿಡಿಸಿತು. ಆದರೆ ಕೊಂಬೆ ಕಡಿಯುವುದೂ ಸವರುವುದೇ. ‘ನಾಳಕ್ಕೆ ಸವರ್ತಾರೆ’ ಅಂದರೆ ದೊಡ್ಡಪ್ಪ ಮಂಚದಿಂದ ಎದ್ದೇ ಹೋಗ್ತಾರೆ.

‘ಮದ್ದು’ ಇನ್ನೂ ಕಷ್ಟ. ನಮ್ಮ ಕಡೆ ‘ಮದ್ದು ಹಾಕಿದ್ದಾರೆ’ ಅಂದರೆ ಯಾರೋ ಆಗದವರು ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತ. ಮನೆಮಾತು ತೆಲುಗು ಆದವರಿಗೆ ‘ಮಂದು’ ಹೆಂಡವೂ ಹೌದು. ಕೊನೆಗೆ ದೊಡ್ಡಪ್ಪನೇ ‘ಓ, ಔಷಧಿ ಹೊಡೆದ ಬಲೂನಾ’ ಅಂದುಬಿಟ್ಟರು. ಗಿಡಕ್ಕೆ ಹೊಡೆದ ಹಾಗೆ. ನಕ್ಕೆ, ಆದರೆ ‘ಲೇಪಿತ’ಕ್ಕಿಂತ ಅದೇ ಹತ್ತಿರ ಅನ್ನಿಸಿತು.

ಅದೇ ಪತ್ರದಲ್ಲಿ ‘ವಿಳಂಬಿತ ಲ್ಯೂಮೆನ್ ನಷ್ಟ’ ಅಂತಲೂ ಇದೆ. ಲ್ಯೂಮೆನ್ ಅಂದರೆ ರಕ್ತ ಹರಿಯುವ ನಾಳದೊಳಗಿನ ಟೊಳ್ಳು; ಚಿಕಿತ್ಸೆಯಾದ ಮೇಲೆ ಅದು ಮತ್ತೆ ಎಷ್ಟು ಕಿರಿದಾಯಿತು ಅನ್ನೋದೇ ಈ ‘ನಷ್ಟ’. 2008ರಲ್ಲಿ ಪ್ರಕಟವಾದ ಜರ್ಮನಿಯ ‘ಥಂಡರ್’ ಅಧ್ಯಯನದಲ್ಲಿ, 154 ಮಂದಿಯ ಕಾಲಿನ ನಾಳಗಳ ಮೇಲೆ, ಇದನ್ನೇ ಅಳೆದದ್ದು. ಆರು ತಿಂಗಳಿಗೆ ಈ ‘ನಷ್ಟ’ ಬರೀ ಬಲೂನಿನವರಲ್ಲಿ ಸರಾಸರಿ 1.7 ಮಿಲಿಮೀಟರ್, ಔಷಧಿಯ ಬಲೂನಿನವರಲ್ಲಿ 0.4. ‘ನಷ್ಟ’ ಅಂದ ಕೂಡಲೇ ಟೊಮೆಟೊದವರಿಗೆ ಮಂಡಿ ರೇಟು ನೆನಪಾಗುತ್ತೆ. ‘ಬಿಡಿಸಿದ ಮೇಲೆ ಮತ್ತೆ ಎಷ್ಟು ಕಟ್ಟಿಕೊಂಡಿತು’ ಅಂದೆ. ಡ್ರಿಪ್ ಪೈಪ್ ಕಂಡವರಿಗೆ ಅಷ್ಟು ಸಾಕು.

ಪತ್ರದ ಅಂಚಿನಲ್ಲಿ ಸದ್ಯಕ್ಕೆ ಪೆನ್ಸಿಲಿನಲ್ಲಿ ‘ನಾಳದ ಗೋಡೆಗೆ ಔಷಧಿ ಹತ್ತಿಸಿ ಬರುವ ಬಲೂನ್’ ಅಂತ ಬರೆದಿದ್ದೇನೆ. ಉದ್ದ ಆಯ್ತು, ಗೊತ್ತು. ತುಮಕೂರು, ಚಿಕ್ಕಬಳ್ಳಾಪುರದ ಕಡೆಯ ನರ್ಸುಗಳು ರೋಗಿಗಳಿಗೆ ಬಾಯಲ್ಲಿ ಹೇಳುವಾಗ ಏನಂತಾರೆ? ಕೇಳಿದವರಿದ್ದರೆ ಬರೆಯಿರಿ. ಸೋಮವಾರ ಮತ್ತೆ ಹೋಗಬೇಕು, ಸಹಿ ಇನ್ನೂ ಹಾಕಿಲ್ಲ.